ಆಫೀಸಿಗೆ ನಾಯಿ ತರಬಹುದಾ? ಕಾರವಾರ, ಶಿರಸಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊರೊನಾ ಸಮಯದಲ್ಲಿ ಬೆಂಗಳೂರಿನಿಂದ ಊರಿಗೆ ಬಂದು, ಮನೆಯ ಜಗಲಿಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡಿದವರು ನಮ್ಮ ಜಿಲ್ಲೆಯಲ್ಲಿ ಬಹಳ ಜನ. ಆಗ ಎಷ್ಟೋ ಮನೆಗೆ ನಾಯಿಮರಿ ಬಂತು. ಅವರಲ್ಲಿ ಕೆಲವರು ಈಗ ಕಾರವಾರ, ಕುಮಟಾ, ಶಿರಸಿಯ ಸಣ್ಣ ಆಫೀಸುಗಳಲ್ಲಿ ಕೆಲಸಕ್ಕಿದ್ದಾರೆ. ಹಗಲೆಲ್ಲ ಮಡಿಲಲ್ಲಿ ಬೆಳೆದ ನಾಯಿ ಈಗ ಮನೆಯಲ್ಲಿ ಒಂಟಿ. ಹೆಚ್ಚಿನ ಪ್ರಶ್ನೆಗಳು ಹುಟ್ಟೋದು ಅಲ್ಲಿಂದಲೇ.

ಕಾರವಾರದ ಒಂದು ಸಣ್ಣ ಲೆಕ್ಕಪತ್ರದ ಆಫೀಸಿನಲ್ಲಿ ಸಿಬ್ಬಂದಿಯ ರಜೆ, ಸಂಬಳ, ಜಗಳ ಎಲ್ಲ ನೋಡಿಕೊಳ್ಳುವವಳು ನಾನು. ನಮ್ಮಲ್ಲಿ ಷರತ್ತಿನ ಮೇಲೆ ನಾಯಿಗೆ ಅನುಮತಿ ಇದೆ. ಅದು ಗೊತ್ತಾಗಿ ಬೇರೆ ಆಫೀಸಿನವರು ಫೋನ್ ಮಾಡುತ್ತಾರೆ, ಪತ್ರ ಬರೆಯುತ್ತಾರೆ, ಮದುವೆ ಮನೆಯಲ್ಲಿ ಸಿಕ್ಕಾಗಲೂ ಕೇಳುತ್ತಾರೆ. ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

## ಮೊದಲಿಗೆ

ಆಫೀಸಿಗೆ ನಾಯಿ ಅಂದ್ರೆ ಅಮೆರಿಕದವರ ಶೋಕಿ ಅಲ್ವಾ?

ಕಂಪನಿ ನಿಯಮವಾಗಿ ಇದು ಬೆಳೆದದ್ದು ಅಲ್ಲೇ, ನಿಜ. ಸಿಯಾಟಲ್‌ನ ಅಮೆಜಾನ್‌ನಲ್ಲಿ ಮೊದಮೊದಲ ದಿನಗಳಿಂದಲೇ ರೂಫಸ್ ಎಂಬ ಕಾರ್ಗಿ ನಾಯಿ ಆಫೀಸಿಗೆ ಬರುತ್ತಿತ್ತು. ಗೂಗಲ್ ತನ್ನ ನಡತೆಯ ನಿಯಮಗಳಲ್ಲೇ ತಾನು ನಾಯಿ ಪ್ರಿಯರ ಕಂಪನಿ ಎಂದು ಬರೆದುಕೊಂಡಿತ್ತು. ನಾಯಿಯನ್ನು ಕೆಲಸಕ್ಕೆ ಕರೆದೊಯ್ಯುವ ದಿನ ಅಂತಲೇ ಒಂದು ಶುಕ್ರವಾರವನ್ನು ಅಲ್ಲಿ 1999ರಿಂದ ಪ್ರತಿ ಜೂನ್‌ನಲ್ಲಿ ಆಚರಿಸುತ್ತಾರೆ.

ಹಾಗಂತ ಕೆಲಸದ ಜಾಗದಲ್ಲಿ ನಾಯಿ ಇರೋದು ನಮಗೇನು ಹೊಸದಾ? ಶಿರಸಿಯ ಅಡಿಕೆ ಮಂಡಿ, ಯಲ್ಲಾಪುರದ ಸಾಮಿಲ್, ಬೈತಖೋಲದ ಬಂದರು, ಅಡಿಕೆ ತೋಟ, ಎಲ್ಲಿ ಹೋದರೂ ಒಂದು ನಾಯಿ ಮಲಗಿರುತ್ತದೆ. ಅಲ್ಲಿ ಯಾರೂ ಅನುಮತಿ ಕೇಳಿದ್ದಿಲ್ಲ. ಆದರೆ ಅವೆಲ್ಲ ತೆರೆದ ಜಾಗಗಳು. ಬೇಡದವರು ನಾಲ್ಕು ಹೆಜ್ಜೆ ಆಚೆ ಹೋಗಿ ನಿಲ್ಲಬಹುದು. ಆಫೀಸಿನಲ್ಲಿ ಕಿಟಕಿ ಮುಚ್ಚಿರುತ್ತೆ, ಕುರ್ಚಿ ಬದಲಿಸೋ ಹಾಗಿಲ್ಲ, ಸಂಜೆ ತನಕ ಅಲ್ಲೇ ಕೂರಬೇಕು. ಎಲ್ಲ ತಕರಾರು ಬರೋದು ಅದರಿಂದ.

ನೀವು ಹೂಂ ಅಂತೀರೋ ಊಹೂಂ ಅಂತೀರೋ, ಅದನ್ನು ಮೊದಲು ಹೇಳಿ.

ಹೂಂ. ವಾರಕ್ಕೆ ಒಂದು ದಿನ, ಒಂದು ಹೊತ್ತಿಗೆ ಒಂದೇ ನಾಯಿ, ಮಳೆಗಾಲ ಬಿಟ್ಟು. ಇದೆಲ್ಲದಕ್ಕಿಂತ ಮೇಲೆ ಇನ್ನೊಂದು ಷರತ್ತು: ಆ ಕೋಣೆಯಲ್ಲಿ ಕೂರುವ ಒಬ್ಬರೇ ಒಬ್ಬರು ಬೇಡ ಅಂದರೂ ಬೇಡ. ಯಾಕೆ ಬೇಡ ಅಂತ ಅವರನ್ನು ಕೇಳಲೂಬಾರದು.

ಯಾವ ಆಫೀಸಿಗೆ ಸರಿಹೋಗುತ್ತೆ? ನಮ್ಮದು ಗೇರುಬೀಜದ ಫ್ಯಾಕ್ಟರಿ.

ಫ್ಯಾಕ್ಟರಿಯೊಳಗೆ ಸಾಧ್ಯವೇ ಇಲ್ಲ. ಆಹಾರ ತಯಾರಿಸುವ, ಪ್ಯಾಕ್ ಮಾಡುವ ಜಾಗಕ್ಕೆ ಪ್ರಾಣಿಗಳನ್ನು ಬಿಡಬಾರದು ಅನ್ನೋದು ಆಹಾರ ಸುರಕ್ಷತೆಯ ನಿಯಮ. ಮೀನು ಸಂಸ್ಕರಣೆ, ಬೇಕರಿ, ಹೋಟೆಲ್ ಅಡುಗೆಮನೆಗೂ ಇದೇ ಮಾತು. ಆಸ್ಪತ್ರೆ, ಲ್ಯಾಬ್, ಬ್ಯಾಂಕ್ ಕೌಂಟರ್, ಸರ್ಕಾರಿ ಕಚೇರಿ ಕೂಡ ಬೇಡ. ಅಲ್ಲಿಗೆ ಬರುವ ಜನ ಬೇರೆ ದಾರಿ ಇಲ್ಲದೆ ಬಂದವರು. ಪಹಣಿಗೆ ಸಾಲಿನಲ್ಲಿ ನಿಂತ ಅಜ್ಜಿಗೆ ನಿಮ್ಮ ನಾಯಿಯ ಸ್ವಭಾವ ಅರ್ಥ ಮಾಡಿಕೊಳ್ಳುವ ದರ್ದು ಇಲ್ಲ.

ಹೆಚ್ಚು ಗಿರಾಕಿ ಬಾರದ ಸಣ್ಣ ಆಫೀಸು, ನೆಲಮಹಡಿ, ಹಿಂದೆ ಸ್ವಲ್ಪ ಅಂಗಳ. ಇಷ್ಟಿದ್ದರೆ ಯೋಚಿಸಬಹುದು. ಮೂರನೇ ಮಹಡಿಯಲ್ಲಿ ಇದ್ದರೆ ಪ್ರತಿ ಸಲ ಮೂತ್ರಕ್ಕೆ ಕೆಳಗೆ ಕರೆದುಕೊಂಡು ಹೋಗಿ ಬರೋದರಲ್ಲೇ ದಿನ ಮುಗಿಯುತ್ತೆ.

ನಾಯಿ ಇದ್ದರೆ ಟೆನ್ಶನ್ ಕಡಿಮೆ ಆಗುತ್ತೆ ಅಂತ ಓದಿದ್ದೆ. ನಿಜನಾ?

ಎಲ್ಲರೂ ಎತ್ತಿ ಹೇಳುವ ಅಧ್ಯಯನ ಒಂದಿದೆ. 2012ರಲ್ಲಿ ಅಮೆರಿಕದ ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯದವರು ಪ್ರಕಟಿಸಿದ್ದು. ನಾರ್ತ್ ಕೆರೊಲಿನಾದಲ್ಲಿ ಪಿಂಗಾಣಿ ತಟ್ಟೆ, ಲೋಟ ಮಾರುವ ಒಂದು ಕಂಪನಿಯ ಸುಮಾರು 75 ಜನರನ್ನು ಒಂದು ವಾರ ಗಮನಿಸಿದರು. ನಾಯಿ ತಂದವರು ಹೇಳಿಕೊಂಡ ಒತ್ತಡ ಸಂಜೆಯಾಗುತ್ತಾ ಇಳಿಯಿತು. ನಾಯಿ ತರದವರದ್ದು, ನಾಯಿಯೇ ಇಲ್ಲದವರದ್ದು ಏರಿತು.

ಓದಲು ಚೆನ್ನಾಗಿದೆ. ಆದರೆ ಆ ಕಂಪನಿ ಮೊದಲಿಂದಲೂ ನಾಯಿಗೆ ಒಗ್ಗಿಕೊಂಡಿದ್ದ ಜಾಗ. ನಾಯಿ ಇಷ್ಟವಿಲ್ಲದವರು ಅಲ್ಲಿ ಕೆಲಸಕ್ಕೆ ಸೇರುವುದೇ ಕಡಿಮೆ ಇರಬಹುದು. ಕೆಲಸ ಸಿಗುವುದೇ ಕಷ್ಟವಾಗಿರುವ ನಮ್ಮೂರಿನಲ್ಲಿ ಯಾರೂ ಹಾಗೆ ಆರಿಸಿಕೊಂಡು ಸೇರುವುದಿಲ್ಲ. ಅಲ್ಲದೆ ಒತ್ತಡ ಇಳಿದದ್ದು ನಾಯಿಯ ಯಜಮಾನರದ್ದು. ಪಕ್ಕದ ಮೇಜಿನವರ ಪಾಡು ಬೇರೆ ಲೆಕ್ಕ.

ನಾನು ಕಣ್ಣಾರೆ ಕಂಡ ಲಾಭ ಒಂದೇ. ನಾಯಿಗೆ ಹೊರಗೆ ಹೋಗಬೇಕು ಅನ್ನೋ ಕಾರಣಕ್ಕೆ ಮನುಷ್ಯರೂ ಎದ್ದು ಹೊರಗೆ ಹೋಗುತ್ತಾರೆ. ಮಾರ್ಚ್ ತಿಂಗಳ ಲೆಕ್ಕದ ಗಲಾಟೆಯಲ್ಲಿ ಅದೇನು ಸಣ್ಣದಲ್ಲ.

## ನಾಯಿಯ ಕಡೆಯಿಂದ

ನನ್ನ ಲ್ಯಾಬ್ರಡಾರ್ ತುಂಬಾ ಸಾಧು. ಆಫೀಸಿನಲ್ಲಿ ಖುಷಿಯಾಗಿರುತ್ತಾ?

ಸಾಧು ಆಗಿರೋದು, ಖುಷಿಯಾಗಿರೋದು ಎರಡೂ ಒಂದಲ್ಲ. ಎಷ್ಟೋ ನಾಯಿಗಳು ಹೆದರಿದಾಗ ಸುಮ್ನೆ ಮುದುಡಿ ಕೂರುತ್ತವೆ. ನೋಡುವವರು "ಎಷ್ಟು ಚೆಂದ ಕೂತಿದೆ" ಅನ್ನುತ್ತಾರೆ. ನಿದ್ದೆ ಇಲ್ಲದೆಯೂ ಮತ್ತೆ ಮತ್ತೆ ಆಕಳಿಸೋದು, ತಿನ್ನಲು ಏನೂ ಇಲ್ಲದಿದ್ದರೂ ತುಟಿ ನೆಕ್ಕೋದು, ಸೆಕೆ ಇಲ್ಲದಾಗ ಏದುಸಿರು, ಬಾಲ ಕಾಲಸಂದಿಗೆ, ಮೇಜಿನ ಅಡಿಯ ಮೂಲೆ ಬಿಟ್ಟು ಬಾರದಿರೋದು, ಇವೆಲ್ಲ ಅದಕ್ಕೆ ಇಲ್ಲಿ ಇರಲು ಮನಸ್ಸಿಲ್ಲ ಅನ್ನೋ ಸೂಚನೆ. ನಾಯಿ ನಿಜವಾಗಿ ಆರಾಮಾಗಿದ್ದರೆ ಕಾಲು ಚಾಚಿ ಅಡ್ಡ ಮಲಗಿ ನಿದ್ದೆ ಮಾಡುತ್ತೆ.

ಮೊದಲೇ ತಿಳಿಯಲು ಒಂದು ಸುಲಭ ದಾರಿ ಇದೆ. ಮನೆಗೆ ಅದು ನೋಡಿಲ್ಲದ ನೆಂಟರು ಬಂದಾಗ ಹೇಗಿರುತ್ತೆ? ಬೊಗಳಿ, ಮೂಸಿ, ಕಾಲು ಗಂಟೆಯಲ್ಲಿ ಮಲಗಿಬಿಟ್ಟರೆ ಪ್ರಯತ್ನಿಸಬಹುದು. ನೆಂಟರು ಹೋಗುವ ತನಕ ಕಟ್ಟಿಯೇ ಇಡಬೇಕಾದರೆ ಆಫೀಸಿನ ಮಾತು ಬಿಡಿ. ಆರು ತಿಂಗಳೊಳಗಿನ ಮರಿಯೂ ಬೇಡ. ಅದು ಕಡಿಯೋದು ನಿಮ್ಮ ಚಪ್ಪಲಿಯೊಂದನ್ನೇ ಅಲ್ಲ, ಕಂಪ್ಯೂಟರ್ ವಯರನ್ನೂ ಕಡಿಯುತ್ತೆ. ನನ್ನ ಅನುಭವದಲ್ಲಿ ಆಫೀಸಿಗೆ ಹೇಳಿ ಮಾಡಿಸಿದ್ದು ಏಳೆಂಟು ವರ್ಷದ ಸೋಮಾರಿ ನಾಯಿ.

ಏಪ್ರಿಲ್, ಮೇ ಸೆಕೆಯಲ್ಲಿ ಏನು ಮಾಡೋದು?

ಇದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದಲ್ಲಿ ಮಾತ್ರ ಸ್ವಲ್ಪ ಬೆವರುತ್ತೆ. ಮೈ ತಣಿಸಿಕೊಳ್ಳಲು ಅದು ನಾಲಿಗೆ ಹೊರಚಾಚಿ ಏದುಸಿರು ಬಿಡಬೇಕು. ಬಾಯಿಯ ತೇವ ಆರಿದಾಗ ಮೈ ತಣ್ಣಗಾಗುತ್ತೆ. ಕರಾವಳಿಯ ಗಾಳಿಯಲ್ಲಿ ಮೊದಲೇ ನೀರಿನ ಅಂಶ ಜಾಸ್ತಿ. ಹಾಗಾಗಿ ತೇವ ಬೇಗ ಆರುವುದಿಲ್ಲ. ಒಣ ಹವೆಯ ಊರಲ್ಲಿ 35 ಡಿಗ್ರಿ ತಡೆಯುವ ನಾಯಿ ಕಾರವಾರದ 33ಕ್ಕೇ ಸೋಲಬಹುದು. ನಾಯಿಯ ಮೈ ಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಇರುತ್ತೆ. ಅದು 41 ದಾಟಿದರೆ ಜೀವಕ್ಕೇ ಅಪಾಯ.

ಪಗ್‌ನಂಥ ಚಪ್ಪಟೆ ಮೂಗಿನ ನಾಯಿಗೆ ಉಸಿರಾಟವೇ ಕಷ್ಟ. ಅದನ್ನು ಮೇ ತಿಂಗಳಲ್ಲಿ ಮನೆ ದಾಟಿಸಬೇಡಿ. ಎಸಿ ಇದೆ ಅಂತ ನಂಬಿ ತರುವವರು ಕರೆಂಟ್ ಹೋದರೆ ಏನು ಅಂತಲೂ ಯೋಚಿಸಬೇಕು. ಮತ್ತೆ, ಮೀಟಿಂಗ್ ಇದೆ ಎಂದು ನಾಯಿಯನ್ನು ಐದು ನಿಮಿಷಕ್ಕೆ ಕಾರಿನಲ್ಲಿ ಬಿಡುವ ಅಭ್ಯಾಸ ಕೆಲವರಿಗಿದೆ. ಬೇಡವೇ ಬೇಡ. ಗಾಜು ಸ್ವಲ್ಪ ಇಳಿಸಿದ್ದರೂ ನಿಂತ ಕಾರು ಬಿಸಿಲಲ್ಲಿ ಕೆಲವೇ ನಿಮಿಷದಲ್ಲಿ ಒಲೆಯಾಗುತ್ತೆ.

ಮಳೆಗಾಲದಲ್ಲಿ?

ಬೇಡ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ನಾಯಿಗೆ ರಜೆ. ಒದ್ದೆ ನಾಯಿಯ ವಾಸನೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಹೇಗಿರುತ್ತೆ ಅಂತ ಗೊತ್ತಿದ್ದವರಿಗೆ ವಿವರಿಸಬೇಕಾಗಿಲ್ಲ. ಅದಕ್ಕಿಂತ ದೊಡ್ಡ ವಿಷಯ ಇಲಿ ಜ್ವರ. ಇಲಿಯ ಮೂತ್ರ ಸೇರಿದ ನಿಂತ ನೀರಿನಿಂದ ಅದು ನಾಯಿಗೂ ಬರುತ್ತೆ. ಸೋಂಕು ತಗುಲಿದ ನಾಯಿಯ ಮೂತ್ರದಿಂದ ಮನುಷ್ಯರಿಗೂ ಬರಬಹುದು. ಗದ್ದೆ ಬದಿಯಿಂದ, ಚರಂಡಿ ತುಳಿದುಕೊಂಡು ಬಂದ ನಾಯಿ ಟೈಲ್ಸ್ ಮೇಲೆ ಮೂತ್ರ ಮಾಡಿದರೆ ಅದನ್ನು ಬರಿಗೈಯಲ್ಲಿ ಒರೆಸುವ ಹಾಗಿಲ್ಲ.

ಸ್ಕೂಟಿ ಮುಂದೆ ನಿಲ್ಲಿಸಿಕೊಂಡು ಅಂಕೋಲಾದಿಂದ ಬರ್ತೀನಿ. ಪರವಾಗಿಲ್ವಾ?

ಹೆದ್ದಾರಿ 66ರ ಲಾರಿಗಳ ನಡುವೆಯಾ? ಇಲ್ಲ. ಒಂದು ಬೆಕ್ಕು ಅಡ್ಡ ಬಂದರೆ ನಾಯಿ ಹಾರುತ್ತೆ, ಹ್ಯಾಂಡಲ್ ತಿರುಗುತ್ತೆ. ಕಾರಿದ್ದರೆ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕರೆತನ್ನಿ. ಕಾರಿಲ್ಲದಿದ್ದರೆ ಮನೆಯಲ್ಲಿರಲಿ.

ಮಧ್ಯಾಹ್ನ ಎಲ್ಲರೂ ಡಬ್ಬಿಯಿಂದ ಸ್ವಲ್ಪ ಸ್ವಲ್ಪ ಹಾಕ್ತಾರೆ. ಏನು ಕೊಡಬಾರದು?

ಯಜಮಾನರನ್ನು ಕೇಳದೆ ಏನೂ ಕೊಡಬಾರದು. ಇದನ್ನು ಗೋಡೆಗೆ ಬರೆದು ಅಂಟಿಸಿ.

ವಿಷಯಕ್ಕೆ ಬಂದರೆ, ನಮ್ಮ ಆಫೀಸುಗಳಲ್ಲಿ ಅಪಾಯ ಬರೋದು ಪ್ರೀತಿಯಿಂದ. ಯಾರದ್ದೋ ಹುಟ್ಟುಹಬ್ಬ, ಚಾಕಲೇಟ್ ಕೇಕ್. ಚಾಕಲೇಟಿನಲ್ಲಿರುವ ಥಿಯೋಬ್ರೊಮಿನ್ ನಾಯಿಯ ಹೃದಯಕ್ಕೆ, ನರಕ್ಕೆ ವಿಷ. ಸತ್ಯನಾರಾಯಣ ಪೂಜೆಯ ಪ್ರಸಾದ ಅಂತ ಸಪಾದ ಕೊಡುತ್ತಾರೆ, ಅದರಲ್ಲಿ ಒಣದ್ರಾಕ್ಷಿ. ದ್ರಾಕ್ಷಿ ಹಸಿಯಿರಲಿ ಒಣಗಿದ್ದಿರಲಿ, ಕೆಲವು ನಾಯಿಗಳ ಕಿಡ್ನಿ ಕೆಡಿಸುತ್ತೆ. ಯಾವ ನಾಯಿಗೆ ಎಷ್ಟಕ್ಕೆ ಅಂತ ಲೆಕ್ಕ ಹಾಕಲು ಆಗುವುದಿಲ್ಲ. ಈರುಳ್ಳಿ ಹಾಕಿದ ಒಗ್ಗರಣೆ ಅವಲಕ್ಕಿ, ಮೀನು ಸಾರು ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತೆ. ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್‌ನಲ್ಲಿ ಕ್ಸೈಲಿಟಾಲ್ ಇದ್ದರೆ ಒಂದೆರಡು ತುಂಡೂ ಸಣ್ಣ ನಾಯಿಗೆ ಅಪಾಯ.

ಶಿರಸಿಯವರು ಕೇಳುವ ಇನ್ನೊಂದು ಇದೆ: ಅಡಿಕೆ. ಅಡಿಕೆಯಲ್ಲಿ ಅರೆಕೊಲಿನ್ ಎಂಬ ಅಂಶವಿದೆ. ಹಿಂದೆ ಪಶು ವೈದ್ಯರು ಇದನ್ನೇ ನಾಯಿಯ ಹೊಟ್ಟೆಯ ಲಾಡಿಹುಳು ಇಳಿಸಲು ಕೊಡುತ್ತಿದ್ದರು. ಅಂದರೆ ಬಲವಾದ ಭೇದಿ ಮಾಡಿಸುವ ವಸ್ತು ಅದು. ಜೊಲ್ಲು, ವಾಂತಿ, ಭೇದಿ, ಪ್ರಮಾಣ ಮೀರಿದರೆ ಉಸಿರಾಟಕ್ಕೂ ತೊಂದರೆ. ಮಂಡಿಯ ಆಫೀಸಿನಲ್ಲಿ ನೆಲಕ್ಕೆ ಬಿದ್ದ ಅಡಿಕೆ, ಮೇಜಿನ ಮೇಲಿನ ಕವಳದ ತಟ್ಟೆ ಎರಡೂ ನಾಯಿಯ ಬಾಯಿಗೆ ಎಟುಕಬಾರದು. ಹಾಗೇ ಫೈಲ್ ಕೋಣೆಯಲ್ಲಿ ಇಲಿ ಪಾಷಾಣ ಇಟ್ಟಿದ್ದೀರಾ ಅಂತ ಮೊದಲು ನೋಡಿ. ಹಳೆ ಆಫೀಸುಗಳಲ್ಲಿ ಯಾರೋ ಯಾವಾಗಲೋ ಇಟ್ಟು ಮರೆತಿರುತ್ತಾರೆ.

## ಲಸಿಕೆ, ಉಣುಗು, ಕಡಿತ

ಯಾವ ಯಾವ ಇಂಜೆಕ್ಷನ್ ಆಗಿರಬೇಕು?

ರೇಬಿಸ್ ಲಸಿಕೆ. ಮರಿಗೆ ಮೂರು ತಿಂಗಳಾದಾಗ ಮೊದಲನೆಯದು, ಆಮೇಲೆ ಡಾಕ್ಟರ್ ಹೇಳಿದ ಹಾಗೆ, ನಮ್ಮಲ್ಲಿ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಡಿಸ್ಟೆಂಪರ್, ಪಾರ್ವೊ, ಇಲಿ ಜ್ವರ ಸೇರಿದ ಒಟ್ಟು ಲಸಿಕೆಯೂ ವರ್ಷಕ್ಕೊಮ್ಮೆ. ಜಂತುಹುಳುವಿನ ಮಾತ್ರೆ ಮೂರು ತಿಂಗಳಿಗೊಮ್ಮೆ. ಲಸಿಕೆ ಪುಸ್ತಕದ ಜೆರಾಕ್ಸ್ ಆಫೀಸಿನ ಫೈಲಿನಲ್ಲಿ ಇರಬೇಕು. "ಹಾಕಿಸಿದ್ದೇನೆ, ಪುಸ್ತಕ ಎಲ್ಲೋ ಇದೆ" ಅಂದರೆ ಪುಸ್ತಕ ಸಿಕ್ಕ ದಿನ ನಾಯಿ ಬರಲಿ.

ಸಿದ್ದಾಪುರ, ಶಿರಸಿ ಕಡೆ ಮಂಗನ ಕಾಯಿಲೆ ಇದೆಯಲ್ಲ. ನಾಯಿಯಿಂದ ಆಫೀಸಿಗೆ ಬರುತ್ತಾ?

ಘಟ್ಟದ ಮೇಲಿನವರ ಈ ಹೆದರಿಕೆಯಲ್ಲಿ ಅರ್ಥವಿದೆ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಶಿರಸಿಗೆ ತಾಗಿಕೊಂಡಿರುವ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ವೈರಸ್ ಹರಡುವುದು ಕಾಡಿನ ಉಣುಗಿನಿಂದ. ಮಂಗ ಸತ್ತ ಜಾಗದಲ್ಲಿ ಅದರ ಮೈಮೇಲಿನ ಉಣುಗುಗಳು ಕೆಳಗೆ ಉದುರಿ ಹೊಸ ಮೈ ಹುಡುಕುತ್ತವೆ. ಡಿಸೆಂಬರ್‌ನಿಂದ ಮೇ ತನಕ, ಅಂದರೆ ಜನ ದರಕು ತರಲು, ಸೌದೆ ಒಟ್ಟಲು ಕಾಡಿಗೆ ಹೋಗುವ ಕಾಲದಲ್ಲೇ, ಎಳೆಯ ಉಣುಗುಗಳ ಕಾಟ ಜಾಸ್ತಿ. ಅವು ಎಳ್ಳಿನಷ್ಟೂ ಇರುವುದಿಲ್ಲ. ಕಣ್ಣಿಗೆ ಬೀಳೋದೇ ಕಷ್ಟ.

ನಾಯಿ ಸೀನಿದರೆ, ನೆಕ್ಕಿದರೆ ಮಂಗನ ಕಾಯಿಲೆ ಬರುವುದಿಲ್ಲ. ಆದರೆ ಬೆಳಿಗ್ಗೆ ಬೆಟ್ಟಕ್ಕೆ ಹೋಗಿ ಬಂದ ನಾಯಿ ಹತ್ತು ಗಂಟೆಗೆ ಆಫೀಸಿಗೆ ಬಂದರೆ, ಅದರ ಮೈಮೇಲೆ ಉಣುಗೂ ಬರುತ್ತೆ. ಹಾಗಾಗಿ ಘಟ್ಟದ ಮೇಲಿನ ಆಫೀಸುಗಳಿಗೆ ನನ್ನ ಸಲಹೆ ಸ್ವಲ್ಪ ಬಿಗಿ. ತೋಟ, ಬೆಟ್ಟ ಸುತ್ತುವ ನಾಯಿಯನ್ನು ಡಿಸೆಂಬರ್‌ನಿಂದ ಮೇ ತನಕ ಆಫೀಸಿಗೆ ತರಬೇಡಿ. ಅದರ ಮೇಲೆ ಮಳೆಗಾಲದ ರಜೆಯನ್ನೂ ಸೇರಿಸಿದರೆ ಉಳಿಯೋದು ಅಕ್ಟೋಬರ್, ನವೆಂಬರ್ ಮಾತ್ರ ಎಂದು ಒಬ್ಬರು ನಕ್ಕರು. ನಗಲಿ, ಲೆಕ್ಕ ಸರಿಯಾಗಿಯೇ ಇದೆ. ಪೇಟೆಯ ಮನೆಯೊಳಗೇ ಇರುವ ನಾಯಿಗೆ ಈ ಕಟ್ಟು ಬೇಡ.

ಕಾಡಿನದ್ದಲ್ಲದ ಇನ್ನೊಂದು ಉಣುಗು ಇದೆ. ಕಂದು ಬಣ್ಣದ್ದು, ನಾಯಿಯ ಮೈಯನ್ನೇ ನೆಚ್ಚಿಕೊಂಡದ್ದು. ಅದು ಗೋಡೆ ಬಿರುಕಿನಲ್ಲಿ, ಕಪಾಟಿನ ಹಿಂದೆ ಮೊಟ್ಟೆ ಇಟ್ಟು ಕಟ್ಟಡದೊಳಗೇ ಸಂಸಾರ ಬೆಳೆಸುತ್ತೆ. ಒಮ್ಮೆ ಫೈಲ್ ಕೋಣೆ ಸೇರಿತೆಂದರೆ ಓಡಿಸೋದು ದೊಡ್ಡ ಕೆಲಸ. ಪಶು ಡಾಕ್ಟರ್ ಹತ್ತಿರ ಕೇಳಿ ಕುತ್ತಿಗೆಗೆ ಹಾಕುವ ಔಷಧಿಯನ್ನೋ ತಿನ್ನಿಸುವ ಮಾತ್ರೆಯನ್ನೋ ತಪ್ಪದೆ ಕೊಡಿ. ಬರುವ ದಿನ ಬೆಳಿಗ್ಗೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಪಟ್ಟಿಯ ಅಡಿಯಲ್ಲಿ ಕೈಯಾಡಿಸಿ ನೋಡಿ. ಸಿಕ್ಕಿದ್ದನ್ನು ಉಗುರಲ್ಲಿ ಹೊಸಕಬೇಡಿ. ಚಿಮುಟದಲ್ಲಿ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆಯಬೇಕು.

ಆಫೀಸಿನಲ್ಲಿ ಕಚ್ಚಿಬಿಟ್ಟರೆ ಮೊದಲು ಏನು ಮಾಡಬೇಕು?

ಸೋಪು ಹಚ್ಚಿ, ಹರಿಯುವ ನಲ್ಲಿ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡು ತೊಳೆಯಿರಿ. ಹದಿನೈದು ನಿಮಿಷ ನಾವು ಅಂದುಕೊಳ್ಳುವುದಕ್ಕಿಂತ ಉದ್ದ. ಅರಿಶಿನ, ಸುಣ್ಣ, ಮೆಣಸಿನ ಪುಡಿ ಯಾವುದನ್ನೂ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಕಾರವಾರದ ಜಿಲ್ಲಾ ಆಸ್ಪತ್ರೆ, ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಲಸಿಕೆ ಉಚಿತ. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ನಂತರ 3, 7 ಮತ್ತು 28ನೇ ದಿನ. ಹಲ್ಲು ಚರ್ಮ ಸೀಳಿ ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲೊಬ್ಯುಲಿನ್ ಎಂಬ ಇನ್ನೊಂದು ಇಂಜೆಕ್ಷನ್ ಕೂಡ ಬೇಕು.

"ನಮ್ಮ ನಾಯಿಗೆ ಲಸಿಕೆ ಆಗಿದೆ, ಆಸ್ಪತ್ರೆ ಯಾಕೆ" ಎಂದು ಯಜಮಾನರು ಹೇಳುವ ಹಾಗಿಲ್ಲ. ಅದನ್ನು ತೀರ್ಮಾನಿಸುವವರು ಡಾಕ್ಟರ್. ನಾಯಿಯನ್ನು ಹತ್ತು ದಿನ ಕಣ್ಣಿಟ್ಟು ನೋಡಬೇಕು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಉಳಿಯೋದು ಇಲ್ಲವೆನ್ನುವಷ್ಟು ಅಪರೂಪ. ಅದಕ್ಕೇ ಇಷ್ಟು ಕಟ್ಟುನಿಟ್ಟು.

## ಜೊತೆಗೆ ಕೂರುವವರು

ನಮ್ಮ ಸಾಹೇಬ್ರೇ ನಾಯಿ ತರ್ತಾರೆ. ನನಗೆ ಹೆದರಿಕೆ. ಹೇಳೋದು ಹೇಗೆ ಮಾರಾಯ್ರೆ?

ಹೇಳಬೇಕಾದ ಪರಿಸ್ಥಿತಿ ನಿಮಗೆ ಬಂದಿದ್ದೇ ತಪ್ಪು. ಸಾಹೇಬರು ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿ "ಯಾರಿಗೂ ತೊಂದರೆ ಇಲ್ಲ ಅಲ್ವಾ?" ಅಂದರೆ ಎಲ್ಲರೂ ತಲೆ ಆಡಿಸುತ್ತಾರೆ. ಆರು ತಿಂಗಳ ಹಿಂದೆ ಸೇರಿದ ಹುಡುಗಿ ಬೇಡ ಅನ್ನುತ್ತಾಳಾ? ಅವಳು ನಗುತ್ತಾ ನಾಯಿಯ ತಲೆ ಸವರಿ, ಮನೆಗೆ ಹೋಗಿ ಕೈ ತೊಳೆದುಕೊಳ್ಳುತ್ತಾಳೆ. ಆ ತಲೆಯಾಡಿಸುವಿಕೆಯನ್ನು ಒಪ್ಪಿಗೆ ಅಂತ ಬರೆದುಕೊಳ್ಳುವ ಆಫೀಸುಗಳೇ ಹೆಚ್ಚು.

ನಾವು ಮಾಡಿದ್ದು ಚೀಟಿ. ಹೆಸರಿಲ್ಲದ ಚೀಟಿ, ಬೇಕು ಅಥವಾ ಬೇಡ, ಎರಡೇ ಪದ. ಕೈಬರಹ ಗೊತ್ತಾಗದ ಹಾಗೆ ಟಿಕ್ ಹಾಕಿದರೆ ಸಾಕು. ಡಬ್ಬ ತೆರೆಯುವವರು ಆಫೀಸಿನ ಹೊರಗಿನವರು. ಎಷ್ಟು ಬೇಡ ಬಂತು ಅನ್ನೋ ಲೆಕ್ಕವನ್ನೂ ಅವರು ಹೇಳಬಾರದು. "ಆಗುತ್ತೆ" ಅಥವಾ "ಆಗಲ್ಲ" ಅಂದರೆ ಮುಗಿಯಿತು. ಯಾಕೆಂದರೆ ಹತ್ತರಲ್ಲಿ ಒಂದೇ ಬೇಡ ಅಂತ ಗೊತ್ತಾದರೆ, ಆ ಒಬ್ಬರು ಯಾರು ಅಂತ ಹುಡುಕುವ ಆಟ ಶುರುವಾಗುತ್ತೆ. ಹೊಸಬರು ಸೇರಿದಾಗಲೆಲ್ಲ ಮತ್ತೆ ಚೀಟಿ. ಸಾಹೇಬರ ನಾಯಿ ಕೊನೆಯಲ್ಲಿ ಬರಬೇಕು ಅನ್ನೋದೂ ನನ್ನ ಹಟ. ಮೊದಲು ಸಿಬ್ಬಂದಿಯ ನಾಯಿ ಬಂದು ಕೆಲವು ತಿಂಗಳು ಹೋಗಲಿ. ಆಗ ದೂರು ಕೊಡುವ ಬಾಯಿಗೆ ಸ್ವಲ್ಪ ಧೈರ್ಯ ಇರುತ್ತೆ.

ನಿಮ್ಮ ಈಗಿನ ಕಷ್ಟಕ್ಕೆ: ಸಾಹೇಬರ ಹತ್ತಿರ ಒಬ್ಬರೇ ಹೋಗಬೇಡಿ. ಹಿರಿಯ ಸಹೋದ್ಯೋಗಿ ಒಬ್ಬರಿಗೆ ಹೇಳಿ, ಹೆಸರು ಹೇಳದೆ ವಿಷಯ ಎತ್ತಲು ಕೇಳಿಕೊಳ್ಳಿ. ಸಣ್ಣಗಿದ್ದಾಗ ಕಚ್ಚಿಸಿಕೊಂಡವರಿಗೆ ಹೆದರಿಕೆ ದೊಡ್ಡವರಾದ ಮೇಲೂ ಹೋಗುವುದಿಲ್ಲ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಭಟ್ಕಳದ ಸಹೋದ್ಯೋಗಿಗೆ ನಮಾಜಿನ ವಿಷಯ, ಇನ್ನೊಬ್ಬರಿಗೆ ಮಡಿ. ಇವರಿಗೆ ಹೇಗೆ ತಿಳಿಸಿ ಹೇಳೋದು?

ತಿಳಿಸಿ ಹೇಳುವುದು ಅಂದರೆ ಏನು? ಭಟ್ಕಳದ ನವಾಯತರು ಶಾಫಿ ಪಂಥದವರು. ಆ ಪಂಥದಲ್ಲಿ ನಾಯಿಯ ಜೊಲ್ಲು ತಾಗಿದ್ದನ್ನು ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಬೆರೆಸಿ. ಮಧ್ಯಾಹ್ನದ ನಮಾಜಿಗೆ ಮುಂಚೆ ನಾಯಿ ಪ್ಯಾಂಟು ನೆಕ್ಕಿದರೆ ಅವರ ದಿನ ಹಾಳು. ಮಡಿಯಲ್ಲಿ ನಡೆದುಕೊಳ್ಳುವ ಮನೆಯವರಿಗೂ ಅದೇ ಬಗೆಯ ಇರುಸುಮುರುಸು. ಕಾಲಭೈರವನ ವಾಹನ ನಾಯಿ, ದತ್ತಾತ್ರೇಯನ ಕಾಲಬುಡದಲ್ಲಿ ನಾಲ್ಕು ನಾಯಿ ಇವೆ ಎಂದು ವಾದಿಸುವವರಿದ್ದಾರೆ. ಫೋಟೋದಲ್ಲಿರುವ ನಾಯಿ ಯಾರ ಪಂಚೆಯನ್ನೂ ನೆಕ್ಕುವುದಿಲ್ಲ.

ಅವರ ನಂಬಿಕೆ ಸರಿಯೋ ತಪ್ಪೋ ಅಂತ ಆಫೀಸು ತೀರ್ಪು ಕೊಡಬೇಕಾಗಿಲ್ಲ. ಅವರೂ ಚೀಟಿ ಹಾಕುತ್ತಾರೆ, ಅಷ್ಟೇ.

ಕೂದಲು ಉದುರದ ಜಾತಿ ಆದ್ರೆ ಅಲರ್ಜಿ ಇರೋರಿಗೂ ನಡೆಯುತ್ತಲ್ವಾ?

ನಡೆಯಲ್ಲ. ಅಲರ್ಜಿ ತರುವ ಪ್ರೋಟೀನು ನಾಯಿಯ ಜೊಲ್ಲಿನಲ್ಲಿ, ಚರ್ಮದ ಹೊಟ್ಟಿನಲ್ಲಿ ಇರುತ್ತೆ. ಪೂಡಲ್‌ನಲ್ಲೂ ಇದೆ, ಪಮೇರಿಯನ್‌ನಲ್ಲೂ ಇದೆ. ಅಸ್ತಮಾ ಇರುವವರ ಕೋಣೆಗೆ ಯಾವ ಜಾತಿಯದ್ದೂ ಬೇಡ. ನಾಯಿ ಹೋದ ಮೇಲೂ ಆ ಹೊಟ್ಟು ಕುರ್ಚಿಯ ಬಟ್ಟೆಯಲ್ಲಿ ಬಹಳ ದಿನ ಉಳಿಯುತ್ತೆ.

ಗಲೀಜಾದ್ರೆ ಕೆಲಸದವರು ಇದ್ದಾರಲ್ಲ?

ಇಲ್ಲ. ಗುಡಿಸುವ ಅಕ್ಕನಿಗೆ ನೀವು ಸಂಬಳ ಕೊಡುವುದು ಆಫೀಸು ಗುಡಿಸಲು. ನಾಯಿಯ ಕೂದಲು, ಮೂತ್ರ, ವಾಂತಿ ಎಲ್ಲ ತಂದವರ ಕೆಲಸ. ಬಟ್ಟೆ, ಬಕೆಟ್, ಕೈಗವಸು ಅವರೇ ತರಬೇಕು. ಚೀಟಿ ಹಾಕುವಾಗ ಆ ಅಕ್ಕನಿಗೂ ಒಂದು ಚೀಟಿ ಕೊಡಿ. ಎಷ್ಟೋ ಕಡೆ ಇದನ್ನೇ ಮರೆಯುತ್ತಾರೆ. ನೆಲ ಒರೆಸಿದ ಫಿನಾಯಿಲ್ ಒಣಗುವ ತನಕ ನಾಯಿಯನ್ನು ಅದರ ಮೇಲೆ ಬಿಡಬೇಡಿ, ಪಾದ ನೆಕ್ಕಿಕೊಳ್ಳುತ್ತೆ.

## ಕಾನೂನು, ನಿಯಮ

ನನ್ನ ನಾಯಿ ತರೋದು ನನ್ನ ಹಕ್ಕು ಅಂತ ವಾದ ಮಾಡಬಹುದಾ?

ಆಗುವುದಿಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ಕೆಲಸದ ಗಂಟೆ, ರಜೆ, ಸ್ವಚ್ಛತೆಯ ಬಗ್ಗೆ ಮಾತಾಡುತ್ತದೆ. ನಾಯಿ ತರುವ ಹಕ್ಕನ್ನು ಅದು ನೌಕರರಿಗೆ ಕೊಟ್ಟಿಲ್ಲ. ಆಫೀಸಿನವರು ಒಪ್ಪಬೇಕು. ಬಾಡಿಗೆ ಕಟ್ಟಡವಾದರೆ ಅದರ ಮಾಲೀಕರೂ ಒಪ್ಪಬೇಕು.

ಹೊಣೆ ಮಾತ್ರ ಕಾನೂನಿನಲ್ಲಿ ಸ್ಪಷ್ಟವಾಗಿದೆ. ಸಾಕಿದ ಪ್ರಾಣಿಯಿಂದ ಜೀವಕ್ಕೆ ಅಥವಾ ತೀವ್ರ ಗಾಯಕ್ಕೆ ಅಪಾಯವಾಗದಂತೆ ನೋಡಿಕೊಳ್ಳದೆ ಬೇಜವಾಬ್ದಾರಿ ತೋರಿದರೆ, ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳ ತನಕ ಜೈಲು, 5,000 ರೂಪಾಯಿ ತನಕ ದಂಡ ಅಥವಾ ಎರಡೂ ಆಗಬಹುದು. ಆಸ್ಪತ್ರೆ ಖರ್ಚು ಯಾರದ್ದು ಅನ್ನೋದನ್ನು ಮೊದಲೇ ಕಾಗದದಲ್ಲಿ ಬರೆದು ಸಹಿ ಮಾಡಿಸಿಕೊಳ್ಳಿ.

ಕಣ್ಣು ಕಾಣದವರಿಗೆ ದಾರಿ ತೋರಿಸಲು ತರಬೇತಿ ಪಡೆದ ನಾಯಿಯ ವಿಷಯ ಬೇರೆ. ಅದು ಆ ವ್ಯಕ್ತಿಯ ಓಡಾಟಕ್ಕೆ ಬೇಕೇ ಬೇಕು. ಅದಕ್ಕೆ ಚೀಟಿ ಹಾಕಿಸಬೇಡಿ, ಉಳಿದವರ ಕುರ್ಚಿ ಬದಲಿಸಿ ವ್ಯವಸ್ಥೆ ಮಾಡಿ.

ರಾಟ್‌ವೀಲರ್ ಬ್ಯಾನ್ ಆಗಿದೆಯಲ್ವಾ? ಜಾತಿ ನೋಡಿ ಬೇಡ ಅನ್ನಬಹುದಾ?

ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ಜಾತಿಗಳ ಮೇಲೆ ಸುತ್ತೋಲೆ ಹೊರಡಿಸಿತ್ತು. ಅದೇ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಹಾಗಾಗಿ ಬ್ಯಾನ್ ಅನ್ನೋ ಕಾರಣ ಕೊಡಬೇಡಿ. ಆದರೆ ಆಫೀಸು ತನ್ನ ಜಾಗಕ್ಕೆ ತೂಕದ ಮಿತಿ ಇಡಬಹುದು. ನಾನಂತೂ ಜಾತಿಗಿಂತ ಆ ನಾಯಿಯನ್ನೇ ನೋಡುತ್ತೇನೆ. ಸಣ್ಣ ಕೋಣೆಯಲ್ಲಿ ರಾಟ್‌ವೀಲರ್ ಕಷ್ಟ, ನಿಜ. ಮುಧೋಳ ನಾಯಿಯೂ ಕಷ್ಟ. ಅದು ಓಡಲು ಹುಟ್ಟಿದ್ದು. ಇತ್ತ ಒಂದು ಊರ ನಾಯಿ ಸಂಜೆ ತನಕ ಫೈಲಿನ ಪಕ್ಕ ಅಲುಗಾಡದೆ ಮಲಗಿದ್ದನ್ನೂ ನೋಡಿದ್ದೇನೆ.

ಗೇಟಿನ ಹತ್ತಿರದ ಬೀದಿ ನಾಯಿಗೆ ನಾವೇ ಊಟ ಹಾಕ್ತೀವಿ. ಅದನ್ನೇ ಒಳಗೆ ಕರ್ಕೊಂಡ್ರೆ?

ಊಟ ಹಾಕಿದ ಮಾತ್ರಕ್ಕೆ ನಾಯಿ ನಿಮ್ಮದಾಗುವುದಿಲ್ಲ. ಅದರ ಹೊಣೆ ಯಾರದ್ದು? ಲಸಿಕೆ ಪುಸ್ತಕ ಯಾರ ಹೆಸರಲ್ಲಿ? ಒಬ್ಬರು ದತ್ತು ತೆಗೆದುಕೊಂಡು ಮನೆಯಲ್ಲಿ ಸಾಕಿದರೆ ಆಮೇಲೆ ಎಲ್ಲರ ನಾಯಿಯ ಹಾಗೇ. ಇಲ್ಲವಾದರೆ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಂತೆ ನಗರಸಭೆಗೆ ಹೇಳಿ ಸಂತಾನಹರಣ, ಲಸಿಕೆ ಮಾಡಿಸಲು ಒತ್ತಾಯಿಸಿ. ನಿಮ್ಮ ಆಫೀಸು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದ ಆವರಣದಲ್ಲಿದ್ದರೆ, ಅಂಥ ಜಾಗಗಳಿಂದ ಬೀದಿ ನಾಯಿಗಳನ್ನು ತೆರವು ಮಾಡಬೇಕೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಹೇಳಿದೆ. ಇನ್ನೊಂದು ಮಾತು: ಗೇಟಿನ ನಾಯಿಗಳ ಎದುರು ಸಾಕಿದ ನಾಯಿಯನ್ನು ದಿನಾ ನಡೆಸಿಕೊಂಡು ಬಂದರೆ ಜಗಳ ಖಂಡಿತ. ಕಾರಿನಿಂದ ನೇರ ಒಳಗೆ ಕರೆತನ್ನಿ.

ಶುರು ಮಾಡೋದು ಸುಲಭ. ಆಮೇಲೆ ಬೇಡ ಅನ್ನೋದು ಹೇಗೆ?

ಮೊದಲೇ ಗಡುವು ಹಾಕಿ. ಅಕ್ಟೋಬರ್‌ನಲ್ಲಿ ಶುರು, ದೀಪಾವಳಿಯ ಪಟಾಕಿ ವಾರ ಬಿಟ್ಟು, ಡಿಸೆಂಬರ್ ಕೊನೆಗೆ ಅನುಮತಿ ತಾನಾಗಿ ಮುಗಿಯುತ್ತೆ ಅಂತ ಬರೆಯಿರಿ. ಮುಂದುವರಿಸಬೇಕಾದರೆ ಹೊಸ ಚೀಟಿ. ಹೀಗಿದ್ದರೆ "ನನ್ನ ನಾಯಿಯನ್ನು ಓಡಿಸಿದರು" ಅನ್ನೋ ಮಾತೇ ಬರುವುದಿಲ್ಲ, ಅವಧಿ ಮುಗಿಯಿತು ಅಷ್ಟೇ. ಗುರ್ ಅಂದಿದ್ದು, ಹಲ್ಲು ತೋರಿಸಿದ್ದು ಒಂದೇ ಸಲ ಆದರೂ ಅದೇ ಹೊತ್ತಿಗೆ ಮನೆಗೆ. ಯಜಮಾನರಿಗೆ ಅರ್ಧ ದಿನದ ರಜೆ ಕೊಟ್ಟು ಕಳಿಸಿ. ಆ ರಜೆ ಸಂಬಳದಲ್ಲಿ ಹಿಡಿಯಬೇಡಿ, ಹಿಡಿದರೆ ಮುಂದಿನ ಸಲ ಮುಚ್ಚಿಡುತ್ತಾರೆ.

ಶಿರಸಿಯಲ್ಲಿ ಮಾರಿಜಾತ್ರೆಯ ವರ್ಷವಾದರೆ ಆ ವಾರವನ್ನೂ ಬಿಟ್ಟುಬಿಡಿ. ಡೊಳ್ಳು, ಜನಸಂದಣಿ, ಮೈಕ್ ಎಲ್ಲದರ ನಡುವೆ ಪಟ್ಟಿ ಕಳಚಿಕೊಂಡು ಓಡಿದ ನಾಯಿಯನ್ನು ಹುಡುಕಲು ಆಫೀಸಿಗೆ ಆಫೀಸೇ ಪೇಟೆ ಸುತ್ತಬೇಕಾಗುತ್ತೆ.